ಸಂತೆಯ ದಿನ ತೀರಿಹೋಗುತ್ತಿದ್ದ ಕನೆಕ್ಷನ್‌ಗಳು

ಕಮಲಾಪುರದ ಕೌಂಟರ್ ಉಳಿಯಬೇಕೋ ಬೇಡವೋ, ಅಲ್ಲಿ ಕೂರುವ ಆಪರೇಟರ್ ಅಕ್ಕನ ನೌಕರಿ ಇರಬೇಕೋ ಹೋಗಬೇಕೋ ಎಂಬ ಮಾತು ಒಂದು ದಿನ ನನ್ನ ಮೇಜಿಗೇ ಬಂದು ನಿಲ್ಲುತ್ತದೆ ಎಂದು ಆ ಕೆಲಸ ಹಿಡಿದಾಗ ನಾನು ಎಣಿಸಿರಲಿಲ್ಲ. ನನಗೆ ಒಪ್ಪಿಸಿದ್ದು ಸಣ್ಣ ಕೆಲಸ. ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಒಂದು ಪ್ರೋಗ್ರಾಮನ್ನು ಸಾಗಿಸಿ, ಅದಕ್ಕೂ ಡೇಟಾಬೇಸಿಗೂ ಸಂಪರ್ಕ ಕೂರಿಸಿ ಕೊಡಬೇಕಿತ್ತು.

ಪ್ರೋಗ್ರಾಮು ಕಲಬುರಗಿಯ ಒಂದು ಕಣ್ಣಿನ ಆಸ್ಪತ್ರೆಯದು. ಊರ ಬಸ್ಸಿನ ಬೋರ್ಡುಗಳ ಮೇಲೆ ಆಗಿನ್ನೂ ಗುಲಬರ್ಗಾ ಎಂದೇ ಇರುತ್ತಿತ್ತು. ಆಸ್ಪತ್ರೆಗೆ ಕಮಲಾಪುರದಲ್ಲಿ ಎರಡು ಕೋಣೆಯ ಶಾಖೆ ಇತ್ತು. ವಾರಕ್ಕೊಮ್ಮೆ, ಅಲ್ಲಿ ಸಂತೆ ನೆರೆಯುವ ದಿನ ಮಾತ್ರ, ನಗರದಿಂದ ಡಾಕ್ಟರು ಹೋಗುತ್ತಿದ್ದರು. ಎರಡೂ ಕಡೆಯ ರೋಗಿಗಳ ನೋಂದಣಿ ಒಂದೇ ಡೇಟಾಬೇಸಿನಲ್ಲಿ ಆಗುತ್ತಿತ್ತು. ಜಾವಾದಲ್ಲಿ ಆ ಪ್ರೋಗ್ರಾಮು ಬರೆದವರು ನಮ್ಮ ಸೀನಿಯರ್. ಸ್ಟೇಶನ್ ಬಜಾರದಲ್ಲಿ ಒಂದು ಬಾಡಿಗೆ ಸೈಕಲ್ ಅಂಗಡಿಯ ಮಾಳಿಗೆ ಮೇಲೆ ನಮ್ಮ ಮೂರು ಜನರ ಆಫೀಸು. ಎರಡು ದಿನದ ಕೆಲಸ ಎಂದು ಹೇಳಿ ಸೀನಿಯರ್ ಸೋಲಾಪುರದ ಇನ್ನೊಂದು ಕೆಲಸಕ್ಕೆ ಹೊರಟುಹೋದರು. ನಾನು ದಿನಚರಿಯ ಹೊಸ ಪುಟಕ್ಕೆ ತಾರೀಖು ಹಾಕಿ, ಬೆಳಗಿನಿಂದ ಸಂಜೆಯವರೆಗೆ ಚೌಕ ಎಳೆದುಕೊಂಡೆ. ಕೆಲಸವನ್ನು ಚೌಕದಲ್ಲಿ ಕೂರಿಸದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಮೊದಲ ದಿನವೇ ಡ್ರೈವರ್ ತಕರಾರು ತೆಗೆಯಿತು. ಜಾವಾ ಪ್ರೋಗ್ರಾಮು ಡೇಟಾಬೇಸಿನೊಡನೆ ಮಾತಾಡಬೇಕಾದರೆ ನಡುವೆ ಒಂದು ಜೆಡಿಬಿಸಿ ಡ್ರೈವರ್ ಬೇಕು. ನೋಡಿದರೆ ಅದೊಂದು ಚಿಕ್ಕ ಜಾರ್ ಫೈಲು, ಅಷ್ಟೇ. ನಾನು ಅದರ ಹೊಸ ಆವೃತ್ತಿಯನ್ನು ಅಪ್ಲಿಕೇಶನ್ ಸರ್ವರಿನ ಫೋಲ್ಡರಿನಲ್ಲಿ ಇಟ್ಟಿದ್ದೆ. ವಿಳಾಸ, ಪೋರ್ಟು, ಬಳಕೆದಾರನ ಹೆಸರು, ಪಾಸ್‌ವರ್ಡು ಎಲ್ಲ ಸರಿಯಿದ್ದರೂ ಸರ್ವರು ಡ್ರೈವರನ್ನು ಒಪ್ಪುತ್ತಿರಲಿಲ್ಲ. ಒಂದೇ ಹೆಸರಿನ ಕ್ಲಾಸು, ಎಂದರೆ ಪ್ರೋಗ್ರಾಮಿನ ಒಂದು ತುಂಡು, ಅದೇ ಹೆಸರಿನ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ಹೇಳುತ್ತಿತ್ತು. ಅರ್ಥವಾಗಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಪ್ರೋಗ್ರಾಮಿನ ಸ್ವಂತ ಫೋಲ್ಡರಿನೊಳಗೆ ಹಳೆಯ ಆವೃತ್ತಿಯ ಡ್ರೈವರ್ ಇನ್ನೂ ಕೂತಿತ್ತು. ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದು, ಕರೆದಾಗ ಒಬ್ಬ ಹೋದರೆ ಅಂಗಳದಲ್ಲಿ ಕಾಯುತ್ತಿದ್ದವರು ಇನ್ನೊಬ್ಬನನ್ನು ಹುಡುಕಿದ ಹಾಗೆ. ಹಳೆಯದನ್ನು ಅಳಿಸಿ ಸರ್ವರ್ ಮತ್ತೆ ಹಚ್ಚಿದೆ. ಪರೀಕ್ಷೆ ದಾಟಿತು. ಚೌಕದಲ್ಲಿ ಟಿಕ್ ಹಾಕಿದೆ.

ಆಮೇಲೆ ಪೂಲ್ ಕಟ್ಟಿದೆ. ಡೇಟಾಬೇಸಿಗೆ ಪ್ರತಿಸಲ ಹೊಸ ಸಂಪರ್ಕ ತೆರೆಯುವುದು ನಿಧಾನದ ಕೆಲಸ. ಅದಕ್ಕೆ ಸರ್ವರು ಕೆಲವು ಸಂಪರ್ಕಗಳನ್ನು ಮೊದಲೇ ತೆರೆದಿಟ್ಟುಕೊಂಡು, ಬೇಕಾದ ಸ್ಕ್ರೀನಿಗೆ ಕೊಟ್ಟು, ಕೆಲಸವಾದ ಮೇಲೆ ವಾಪಸು ತೆಗೆದುಕೊಳ್ಳುತ್ತದೆ. ಕೆಳಗಿನ ಸೈಕಲ್ ಅಂಗಡಿಯ ವ್ಯವಹಾರವೂ ಇದೇ. ಸೈಕಲ್ ಕಡಿಮೆ ಇದ್ದರೂ ಒಯ್ದವರು ಬೇಗ ತಂದುಕೊಟ್ಟರೆ ಇಡೀ ಬಜಾರ ಅದರಲ್ಲೇ ತಿರುಗಾಡುತ್ತದೆ. ಹಳೆಯ ಯಂತ್ರದಲ್ಲಿ ಪೂಲೂ ಇರಲಿಲ್ಲ, ಮಿತಿಯೂ ಇರಲಿಲ್ಲ. ಪ್ರತಿ ಸ್ಕ್ರೀನೂ ತನಗೆ ಬೇಕಾದಾಗ ತನ್ನ ಸಂಪರ್ಕ ತೆರೆದುಕೊಳ್ಳುತ್ತಿತ್ತು, ತೆವಳುತ್ತಿತ್ತು. ನಾನು ಗರಿಷ್ಠ ಇಪ್ಪತ್ತು ಎಂದು ಹಾಕಿದೆ. ನಗರದ ಮೂರು ಕೌಂಟರು, ಡಾಕ್ಟರುಗಳ ಕೋಣೆ, ಔಷಧಿ ಕೌಂಟರು, ಕಮಲಾಪುರದ ಒಂದು ಯಂತ್ರ ಎಲ್ಲ ಒಟ್ಟಿಗೆ ಕೂತರೂ ಹತ್ತು ದಾಟುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಮರುದಿನದಿಂದ ಬೆಳಗಿನ ಕಾಟ ಶುರುವಾಯಿತು. ಆಸ್ಪತ್ರೆ ತೆರೆದ ಕೂಡಲೇ ಮೊದಲ ರೋಗಿಗೆ ಸ್ಕ್ರೀನು ತಪ್ಪು ತೋರಿಸುತ್ತಿತ್ತು. ನಾಲ್ಕಾರು ಸಲ ಒತ್ತಿದ ಮೇಲೆ ಸರಿಹೋಗುತ್ತಿತ್ತು. ಕೌಂಟರಿನವರು ಅದಕ್ಕೆ ಹೊಂದಿಕೊಂಡು, ಬಂದವರಿಗೆಲ್ಲ ಯಂತ್ರ ಇನ್ನೂ ಕಣ್ಣು ತಿಕ್ಕಿಕೊಳ್ಳುತ್ತಿದೆ ಎಂದು ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ. ಮೂರು ಬೆಳಗು ಆಸ್ಪತ್ರೆಗೇ ಹೋಗಿ ನಿಂತು, ಸರ್ವರು ತನ್ನಷ್ಟಕ್ಕೆ ಬರೆದಿಡುವ ಲಾಗ್ ಓದಿದೆ. ರಾತ್ರಿ ಬ್ಯಾಕಪ್ ತೆಗೆಯುವಾಗ ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಹಚ್ಚುತ್ತಿದ್ದರು. ಪೂಲಿನೊಳಗಿದ್ದ ಸಂಪರ್ಕಗಳೆಲ್ಲ ಆಗ ಸತ್ತಿರುತ್ತಿದ್ದವು. ಸರ್ವರಿಗೆ ಅದರ ಸುದ್ದಿಯೇ ಇಲ್ಲದೆ ಬೆಳಿಗ್ಗೆ ಸತ್ತದ್ದನ್ನೇ ಎತ್ತಿ ಕೊಡುತ್ತಿತ್ತು. ಸೈಕಲ್ ಅಂಗಡಿಯವನು ಕೊಡುವ ಮೊದಲು ಗಾಲಿ ಒತ್ತಿ ನೋಡುವ ಹಾಗೆ, ಕೊಡುವ ಮೊದಲು ಡೇಟಾಬೇಸಿಗೆ ಒಂದು ಚಿಕ್ಕ ಪ್ರಶ್ನೆ ಕೇಳಿ ಜೀವ ಇದೆಯೇ ನೋಡು ಎಂಬ ಸೆಟ್ಟಿಂಗು ಹಾಕಿದೆ. ಮರುದಿನ ಬೆಳಿಗ್ಗೆ ಮೊದಲ ರೋಗಿಯ ಹೆಸರು ಒಂದೇ ಏಟಿಗೆ ಹತ್ತಿತು. ಇನ್ನು ಮುಗಿಯಿತು ಅಂದುಕೊಂಡೆ. ಅಂದು ಕಮಲಾಪುರದ ಸಂತೆ ಎಂಬುದು ನನ್ನ ಯಾವ ಚೌಕದಲ್ಲೂ ಇರಲಿಲ್ಲ.

ಹನ್ನೊಂದರ ಸುಮಾರಿಗೆ ನಗರದ ಕೌಂಟರಿನಿಂದ ಫೋನು ಬಂತು. "ಮೇಡಂ, ಸ್ಕ್ರೀನ್ ಬರವಲ್ದು. ಬರೇ ತಿರುಗ್ಲಾಕತ್ತದ." ಆಫೀಸಿನಿಂದಲೇ ಲಾಗ್ ತೆರೆದರೆ ಪುಟಗಟ್ಟಲೆ ಒಂದೇ ಸಾಲು: ಪೂಲಿನಲ್ಲಿ ಸಂಪರ್ಕ ಇಲ್ಲ, ಕಾದು ಬಿಟ್ಟೆ. ಇಪ್ಪತ್ತೂ ಹೊರಗೆ ಹೋಗಿದ್ದವು. ಯಾರ ಕೈಯಲ್ಲಿ? ಆಸ್ಪತ್ರೆಯಲ್ಲಿ ಅಷ್ಟು ಕಂಪ್ಯೂಟರೇ ಇಲ್ಲ. ಸರ್ವರ್ ನಿಲ್ಲಿಸಿ ಹಚ್ಚಿದೆ, ಇಪ್ಪತ್ತೂ ವಾಪಸು ಬಂದವು. ಮತ್ತೆ ಹೊರಗೆ ಹೋದದ್ದಕ್ಕೆಲ್ಲ ಪುಟದ ಅಂಚಿನಲ್ಲಿ ಗೆರೆ ಹಾಕುತ್ತ ಕೂತೆ: ಮೂರು, ಐದು, ಒಂಬತ್ತು. ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ಎದ್ದು ಕಿಟಕಿಗೆ ಹೋಗುವುದು, ಕೆಳಗೆ ಆಟೋದವರ ಗದ್ದಲ ನೋಡುವುದು, ಬಂದು ಮತ್ತೆ ಎಣಿಸುವುದು. ಕೊನೆಗೆ ಗರಿಷ್ಠವನ್ನು ನಲವತ್ತಕ್ಕೆ ಏರಿಸಿದೆ. ಡೇಟಾಬೇಸಿಗೂ ಹೊಸ ಯಂತ್ರ ಬಂದಾಗ ಒಂದು ಮಿತಿ ಹಾಕಿದ್ದರು, ಮೂವತ್ತು. ಅದು ತುಂಬಿದ ಗಳಿಗೆಯಲ್ಲಿ ಡಾಕ್ಟರ ಕೋಣೆಯೂ ಔಷಧಿ ಕೌಂಟರೂ ಒಟ್ಟಿಗೆ ನಿಂತವು. ಕಮಲಾಪುರದ ಲೈನೇ ಸರಿಯಿಲ್ಲ, ಅದರಿಂದಲೇ ಇದೆಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳಿದರು. ಅಲ್ಲಿಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಗಾಳಿ ಬೀಸಿದರೂ ಅದರ ಮೇಲೆಯೇ ಅಪವಾದ.

ಮಾರನೆಯ ದಿನದಿಂದ ಮುಂದಿನ ಸಂತೆಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಗರಿಷ್ಠವನ್ನು ಇಪ್ಪತ್ತಕ್ಕೇ ಇಳಿಸಿ, ಇನ್ನೆರಡು ಸೆಟ್ಟಿಂಗು ಹಾಕಿದೆ. ಒಯ್ದ ಸಂಪರ್ಕವನ್ನು ಐದು ನಿಮಿಷ ಯಾರೂ ಬಳಸದಿದ್ದರೆ ಕಸಿದುಕೊಂಡು ಪೂಲಿಗೆ ಹಾಕು ಎಂಬುದು ಒಂದು. ಹಾಗೆ ಕಸಿದಾಗಲೆಲ್ಲ ಅದನ್ನು ಒಯ್ದದ್ದು ಯಾವ ಸ್ಕ್ರೀನು, ಯಾವ ಬಳಕೆದಾರ ಎಂದು ಲಾಗಿನಲ್ಲಿ ಬರೆದಿಡು ಎಂಬುದು ಇನ್ನೊಂದು. ಮುಂದಿನ ಸಂತೆಯ ದಿನ ಸರ್ವರು ಒಮ್ಮೆಯೂ ನಿಲ್ಲಲಿಲ್ಲ. ನಗರದ ಕೌಂಟರಿನವರು ಫೋನು ಮಾಡಿ ಶಹಬ್ಬಾಸ್ ಎಂದರು. ಮಧ್ಯಾಹ್ನ ಲಾಗ್ ನೋಡಿದೆ. ಕಸಿದುಕೊಂಡದ್ದೆಲ್ಲ ಒಂದೇ ಸ್ಕ್ರೀನಿನಿಂದ, 'ಹೊಸ ರೋಗಿ'. ಬಳಕೆದಾರರೂ ಒಬ್ಬರೇ, ಕಮಲಾಪುರ.

ಸಂಜೆ ಕಮಲಾಪುರದಿಂದ ಫೋನು ಬಂತು. ಅಲ್ಲಿನ ಆಪರೇಟರ್ ಅಕ್ಕನ ಧ್ವನಿ ನಾನು ಕೇಳಿದ್ದು ಅದೇ ಮೊದಲು.

"ಬಾಯಾರ, ನಾನು ಕೊಟ್ಟ ನಂಬರ್ ಎಲ್ಲಿ ಹೋದ್ವು?"

ಯಾವ ನಂಬರು ಎಂದು ಕೇಳಿದೆ. ತಾನು ಬೆಳಿಗ್ಗೆ ರೋಗಿಗಳಿಗೆ ಕೊಟ್ಟ ನೋಂದಣಿ ಸಂಖ್ಯೆಗಳು ಎಂದರು. ಹೆಸರು ತುಂಬಿ ಉಳಿಸಲು ಹೋದರೆ ಒಂದೂ ಹತ್ತಲಿಲ್ಲವಂತೆ. ಒಳಗೆ ಡಾಕ್ಟರ ಸ್ಕ್ರೀನಿನಲ್ಲಿ ಆ ನಂಬರುಗಳೇ ಇರಲಿಲ್ಲವಂತೆ. ಮಹಾಗಾಂವದಿಂದ ಬಂದಿದ್ದ ಒಬ್ಬ ಮುದುಕಿ, ಒಂದು ಕಣ್ಣಿನ ಆಪರೇಶನ್ ಆಗಿ ಇನ್ನೊಂದಕ್ಕೆ ತಾರೀಖು ಕೇಳಲು ಬಂದವಳು, ಹೊಸ ನಂಬರು ತೆಗೆದುಕೊಂಡು ಸಾಲಿನ ಕೊನೆಗೆ ನಿಂತು, ಅವಳ ಪಾಳಿ ಬರುವುದರೊಳಗೆ ಡಾಕ್ಟರು ಎದ್ದುಹೋಗಿದ್ದರು. ಅವಳ ಜೊತೆಗಿದ್ದವರು ಕೌಂಟರಿನ ಮುಂದೆ ಬಾಯಿ ಮಾಡಿ, ನಗರಕ್ಕೆ ಫೋನು ಮಾಡಿ ದೂರಿದ್ದರು.

ಮರುದಿನ ಆಸ್ಪತ್ರೆಯ ಆಡಳಿತಾಧಿಕಾರಿ ನನ್ನನ್ನು ಕರೆಸಿದರು. ಯಾವುದೋ ಸರಕಾರಿ ಇಲಾಖೆಯಿಂದ ನಿವೃತ್ತರಾಗಿ ಬಂದವರು. ಮಾತು ಕಡಿಮೆ, ಫೈಲು ಹೆಚ್ಚು. ಸಂತೆಯ ದಿನವೇ ತಕರಾರು, ಸಂತೆಯ ದಿನವೇ ದೂರು, ಅಲ್ಲಿ ಕೂತಾಕೆಗೆ ಕಂಪ್ಯೂಟರ್ ಬರುವುದಿಲ್ಲ ಎಂದೇ ಅವರ ತೀರ್ಮಾನ. ಆಕೆಯದು ಟೆಂಪರರಿ ನೌಕರಿ. ತಿಂಗಳ ಕೊನೆಗೆ ಮುಂದುವರಿಸುವುದಿಲ್ಲ, ಕಮಲಾಪುರದ ಕೌಂಟರ್ ಮುಚ್ಚುತ್ತೇವೆ, ರೋಗಿಗಳು ಇಲ್ಲಿಗೇ ಬರಲಿ ಎಂದರು. ನನ್ನಿಂದ ಬೇಕಾದದ್ದು ಒಂದೇ ಪುಟ: ಆಪರೇಟರು ಯಂತ್ರವನ್ನು ತಪ್ಪಾಗಿ ಬಳಸಿದ್ದಾರೆ ಎಂಬ ವರದಿ. ಲಾಗಿನಲ್ಲಿ ಕಮಲಾಪುರದ ಹೆಸರು ಅಷ್ಟು ಸಲ ಇತ್ತು, ಬರೆಯಲು ಕಷ್ಟವೇನೂ ಇರಲಿಲ್ಲ. ಆದರೂ ಏನು ತಪ್ಪಾಗಿ ಬಳಸಿದರು ಎಂಬುದು ನನಗೆ ಗೊತ್ತಿರಲಿಲ್ಲ. ಮುಂದಿನ ಸಂತೆ ನೋಡಿ ಬಂದು ಬರೆಯುತ್ತೇನೆ ಎಂದು ಕೇಳಿಕೊಂಡೆ.

ಆ ವಾರ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಸಂತೆಯ ದಿನ ಬೆಳಗಿನ ಬಸ್ಸು ಹಿಡಿದೆ. ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಹೋದೆ. ಮಹಾಗಾಂವ ಕ್ರಾಸಿನಲ್ಲಿ ಬುಟ್ಟಿ, ಚೀಲ, ಕೋಳಿ, ಕನ್ನಡಕ ಹಾಕಿದ ಮುದುಕರು ಎಲ್ಲ ಹತ್ತಿದರು. ಕಮಲಾಪುರದಲ್ಲಿ ಇಳಿದಾಗ ಸಂತೆ ಆಗಲೇ ರಸ್ತೆಗೆ ಬಂದಿತ್ತು. ಕೆಂಪು ಬಾಳೆಯ ಗೊನೆಗಳನ್ನು ದಾಟಿಕೊಂಡು ಆಸ್ಪತ್ರೆಯ ಶಾಖೆ ಹುಡುಕಿದೆ.

ಶಾಖೆಯ ಪಡಸಾಲೆಯಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಆದರೆ ಸಾಲು ಇತ್ತು. ಬಾಗಿಲಿನಿಂದ ಮೆಟ್ಟಿಲವರೆಗೆ ಚಪ್ಪಲಿಗಳು, ನಮ್ಮ ಕಡೆಯ ಮಾತಿನಲ್ಲಿ ಕಾಲ್ಮರಿಗಳು, ಒಂದರ ಹಿಂದೆ ಒಂದು ನೆಟ್ಟಗೆ ನಿಂತಿದ್ದವು. ನಡುನಡುವೆ ಒಂದು ಟುವಾಲು, ಒಂದು ಊರುಗೋಲು, ಕಲ್ಲು ಹೇರಿದ ಒಂದು ಖಾಲಿ ಚೀಲ. ಒಡೆಯರೆಲ್ಲ ಸಂತೆಯಲ್ಲಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ರೇಶನ್ ಅಂಗಡಿಯ ಮುಂದೆ, ಸೀಮೆಎಣ್ಣೆಯ ಮುಂದೆ ನಾನೇ ಚಿಕ್ಕಂದಿನಲ್ಲಿ ಡಬ್ಬಿ ಇಟ್ಟು ಆಡಲು ಓಡಿದ್ದೇನೆ. ಡಬ್ಬಿಯನ್ನು ಯಾರೂ ಸರಿಸುವುದಿಲ್ಲ, ಸರಿಸಿದರೆ ಇಡೀ ಸಾಲು ಎದ್ದು ನಿಲ್ಲುತ್ತದೆ.

ಒಳಗೆ ಆಪರೇಟರ್ ಅಕ್ಕ ಒಬ್ಬರೇ ಇದ್ದರು. ಮೂವತ್ತು ದಾಟಿದ್ದವರು, ತಲೆಯ ಮೇಲೆ ಸೆರಗು, ಕೀಬೋರ್ಡಿನ ಪಕ್ಕ ಹರಿದ ಕಾಗದದ ಚೂರುಗಳ ಗುಡ್ಡೆ.

"ಬರ್ರಿ ಬಾಯಾರ. ತಪಾಸ ಮಾಡ್ಲಾಕ ಬಂದೀರೇನು? ನೋಡ್ರಿ, ಕುಂತು ನೋಡ್ರಿ. ಕಳ್ಳತನ ಏನೂ ಇಲ್ಲ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಒಬ್ಬ ಹೆಂಗಸು ಬಂದು ಬೆರಳೆತ್ತಿ ಐದು ಎಂದಳು. ಅಕ್ಕ 'ಹೊಸ ರೋಗಿ' ಒತ್ತಿದರು. ಸ್ಕ್ರೀನಿನ ಮೂಲೆಯಲ್ಲಿ ನಂಬರು ಮೂಡಿತು. ಅದನ್ನು ಚೂರಿನ ಮೇಲೆ ಬರೆದರು, ಸ್ಕ್ರೀನಿನ ಮೇಲಿದ್ದ ಆ ಕಿಟಕಿಯನ್ನು ಕೆಳಗೆ ಇಳಿಸಿದರು, ಮತ್ತೊಂದು ಕಿಟಕಿ ತೆರೆದು ಮತ್ತೆ ಒತ್ತಿದರು. ಐದು ಚೂರು ಕೊಟ್ಟರು. ಹೆಂಗಸು ಎಣಿಸಿಕೊಂಡು ಸೆರಗಿಗೆ ಗಂಟು ಹಾಕಿ ಸಂತೆಗೆ ಹೋದಳು. ಮಾನಿಟರಿನ ಕೆಳಗಿನ ಪಟ್ಟಿಯಲ್ಲಿ ಇಳಿಸಿಟ್ಟ ಕಿಟಕಿಗಳು ಒತ್ತೊತ್ತಾಗಿ ಕೂತಿದ್ದವು, ಒಂದರದೂ ಹೆಸರು ಕಾಣುತ್ತಿರಲಿಲ್ಲ.

"ಅಕ್ಕಾರ, ಇಷ್ಟೆಲ್ಲ ಯಾಕ ತೆರದಿಟ್ಟೀರಿ?"

"ಪಾಳಿ ರೀ. ಹೊರಗ ಕಾಲ್ಮರಿ ಹಚ್ಚ್ಯಾರ, ಒಳಗ ನಾನು ಇವು ಹಚ್ಚೀನಿ."

ಹೆಸರು, ವಯಸ್ಸು ಕೇಳಿ ಆಗಿಂದಾಗಲೇ ಉಳಿಸಬಾರದೇ ಎಂದೆ.

"ಹೆಂಗ ಉಳಸ್ಲಿ? ಆಕಿ ಮೊದಲ್ನೇ ಟೆಂಪೋಕ್ಕ ಬಂದು ಇಡೀ ಓಣಿದು ಪಾಳಿ ಹಚ್ಚಿ ಹೋಗ್ಯಾಳ. ಯಾರಿಗಿ ಎಡಗಣ್ಣು, ಯಾರಿಗಿ ಬಲಗಣ್ಣು, ಆಕಿಗೇನ್ ಗೊತ್ತು? ಎಲ್ಲಾ ತುಂಬಲಾರ್ದ ನಿಮ್ಮ ಕಂಪ್ಯೂಟರ್ ಉಳಸ್ಕೊಳಂಗಿಲ್ಲ."

ಹಾಗಿದ್ದರೆ ಬರೀ ಕಾಗದದ ಮೇಲೆ ಒಂದು, ಎರಡು ಎಂದು ಬರೆದು ಕೊಡಬಹುದಲ್ಲ ಎಂದು ಕೇಳಿದೆ. ಅಕ್ಕ ಕೀಬೋರ್ಡು ಬದಿಗೆ ಸರಿಸಿ ನನ್ನ ಕಡೆ ತಿರುಗಿದರು.

"ಮೊದ್ಲು ಹಂಗೇ ಇತ್ತು. ದಿನಾ ಜಗಳ. ಜೋರಿದ್ದವರು ತಮ್ಮ ಚೀಟಿ ತಾವೇ ಬರ್ಕೊಂಡು ಬರ್ತಿದ್ರು. ಕೂಲಿಗಿ ಹೋಗಾಕಿ ಕಡೀಗಿ ನಿಲ್ತಿದ್ಲು. ಕಂಪ್ಯೂಟರ್ ನಂಬರಿಗಿ ಯಾರೂ ಕೈ ಹಚ್ಚಂಗಿಲ್ಲ, ಡಾಕ್ಟರ್ ಒಳಗ ಅದನ್ನೇ ನೋಡಿ ಕರೀತಾರ. ಹಳೇ ಮಿಶನ್ನಾಗ ಒಂದಿನಾನೂ ತಂಟಾ ಇರಲಿಲ್ಲ. ನಿಮ್ಮ ಹೊಸಾದು ಬಂದು ನನ್ನ ನೌಕರಿ ತಿನ್ಲಾಕತ್ತದ."

ನಾನು ನಗರಕ್ಕೆ ಫೋನು ಹಚ್ಚಿ, ಆಫೀಸಿನ ಜೊತೆಗಾರನಿಗೆ ಸರ್ವರಿನ ಲೆಕ್ಕ ಓದುತ್ತ ಹೋಗು ಎಂದೆ. ಅಕ್ಕ ಒಂದು ಕಿಟಕಿ ತೆರೆದರು. ಆಚೆಯಿಂದ ಹತ್ತು ಎಂದ. ಇನ್ನೊಂದು. ಹನ್ನೊಂದು. ಇನ್ನೊಂದು. ಹನ್ನೆರಡು. ಒಂದನ್ನು ತುಂಬಿ ಉಳಿಸಿದರು. ಹನ್ನೊಂದು ಎಂದ. ಆಗ ತಿಳಿಯಿತು. ನಮ್ಮ ಸ್ಕ್ರೀನು ನಂಬರು ಕೊಡುವಾಗ ಒಂದು ಸಂಪರ್ಕ ಎತ್ತಿಕೊಂಡು, ಉಳಿಸು ಎಂದು ಒತ್ತುವವರೆಗೆ ಅದನ್ನು ಕೈಯಲ್ಲೇ ಹಿಡಿದು ಕೂರುತ್ತಿತ್ತು. ನಗರದಲ್ಲಿ ರೋಗಿ ಎದುರಿಗೇ ನಿಂತಿರುತ್ತಾನೆ, ಗಳಿಗೆಯಲ್ಲಿ ಮುಗಿಯುತ್ತದೆ. ಇಲ್ಲಿ ಒಂದೊಂದು ಕಿಟಕಿಯೂ ಸಂತೆ ಮುಗಿಯುವವರೆಗೆ ಒಂದೊಂದು ಸಂಪರ್ಕವನ್ನು ಹಿಡಿದಿಟ್ಟಿತ್ತು. ಹೋದ ವಾರ ನನ್ನ ಐದು ನಿಮಿಷದ ಸೆಟ್ಟಿಂಗು ಆ ಸಂಪರ್ಕಗಳನ್ನು ಕಸಿದಾಗ, ಅವುಗಳಲ್ಲಿದ್ದ ನಂಬರುಗಳೂ ಹೋಗಿದ್ದವು.

ಆ ಸೆಟ್ಟಿಂಗು ಈಗಲೂ ಜಾರಿಯಲ್ಲಿತ್ತು. ಕೆಳಗಿನ ಪಟ್ಟಿ ನೋಡಿದೆ. ಅದರಲ್ಲಿ ಎಷ್ಟು ಕಿಟಕಿ ಆಗಲೇ ಸತ್ತಿವೆಯೋ. ಜೊತೆಗಾರನಿಗೆ ಅದನ್ನು ತಕ್ಷಣ ತೆಗೆಯಲು ಹೇಳಿದೆ. ನಗರದ ಕೌಂಟರ್ ನಿಲ್ಲುತ್ತದಲ್ಲ ಎಂದ. ನಿಲ್ಲಲಿ ಎಂದೆ. ಸೆಟ್ಟಿಂಗು ಬದಲಿಸಲು ಸರ್ವರ್ ಒಮ್ಮೆ ನಿಂತು ಹತ್ತಬೇಕಿತ್ತು. ತೆರೆದ ಕಿಟಕಿಗಳೆಲ್ಲ ಅದರೊಡನೆ ಹೋದವು. ಅಕ್ಕ ಅದೇ ಕ್ರಮದಲ್ಲಿ ಹೊಸ ನಂಬರು ತೆಗೆದು ಚೂರುಗಳ ಮೇಲೆ ಬರೆದುಕೊಂಡರು. ಇಬ್ಬರೂ ಸಂತೆಗೆ ಓಡಿ, ಬೆಳಿಗ್ಗೆ ಚೂರು ಒಯ್ದವರನ್ನು ಜೋಳದ ಚೀಲಗಳ ನಡುವೆ, ಬಳೆಯಂಗಡಿಯ ಮುಂದೆ ಹುಡುಕಿ, ಹಳೆಯದು ಇಸಿದುಕೊಂಡು ಹೊಸದು ಕೊಟ್ಟೆವು. ಅಕ್ಕನಿಗೆ ಪ್ರತಿಯೊಬ್ಬರ ಮುಖ ಗೊತ್ತಿತ್ತು. ನನಗೆ ಯಾರ ಮುಖವೂ ಗೊತ್ತಿರಲಿಲ್ಲ, ನಾನು ಹಿಂದೆ ಹಿಂದೆ ಓಡಿದೆ.

ಮಹಾಗಾಂವದ ಆ ಮುದುಕಿ ಮಾತ್ರ ಸಂತೆಗೆ ಹೋಗಿರಲಿಲ್ಲ. ಮೆಟ್ಟಿಲ ಮೇಲೆ, ತನ್ನ ಚಪ್ಪಲಿಯ ಪಕ್ಕದಲ್ಲೇ ಕೂತಿದ್ದಳು. ಹೊಸ ಚೂರನ್ನು ಕಣ್ಣಿನ ಹತ್ತಿರ ಹಿಡಿದು ನನ್ನ ಮುಂದೆ ಚಾಚಿದಳು.

"ಇದು ಖರೇ ನಂಬರೇನು ಯವ್ವಾ? ಹೋದ್ವಾರ ನನ್ನ ಕಾಲ್ಮರಿ ಇದ್ದಲ್ಲೇ ಇದ್ವು, ಪಾಳಿನೇ ಇರಲಿಲ್ಲ."

"ಖರೇ ಅದ ಆಯಿ" ಎಂದೆ. ಹೇಳಿದ ಮೇಲೂ ಅವಳನ್ನು ಒಳಗೆ ಕರೆಯುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಡಾಕ್ಟರು ಅವಳನ್ನು ನೋಡಿದರು. ಬಿಪಿ ಏರಿದೆ, ಮಾತ್ರೆ ತೆಗೆದುಕೊಂಡು ಮುಂದಿನ ಸಂತೆಗೆ ಬಾ, ಆಗ ಆಪರೇಶನ್ನಿನ ತಾರೀಖು ಕೊಡುತ್ತೇನೆ ಎಂದು ಕಳಿಸಿದರು. ಅಷ್ಟರಲ್ಲಿ ನಗರದಲ್ಲಿ ಕೌಂಟರ್ ನಿಂತಿತ್ತು. ಆಡಳಿತಾಧಿಕಾರಿಯ ಫೋನು ನನಗೆ ಎರಡು ಸಲ ಬಂದಿತ್ತು.

ಹೊರಡುವಾಗ ಅಕ್ಕ ಬಸ್ಸಿನವರೆಗೆ ಬಂದರು. ನೌಕರಿ ಏನಾಗುತ್ತದೆ ಎಂದು ಕೇಳಲಿಲ್ಲ. "ನಿಮ್ಮ ಕಾಗದದಾಗ ಏನಾರ ಬರೀರಿ, ಕಂಪ್ಯೂಟರ್ ಬರಂಗಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ" ಎಂದರು. ಕಂಪ್ಯೂಟರ್ ಕೋರ್ಸು ಮುಗಿಸಲು ಎರಡು ವರ್ಷ ಕಲಬುರಗಿಗೆ ಬಸ್ಸಿನಲ್ಲಿ ಓಡಾಡಿದ್ದೇನೆ ಎಂದು ಅವರು ಹೇಳುವಾಗ ಬಸ್ಸು ಹೊರಟಿತು.

ಆಫೀಸಿಗೆ ಬಂದವಳೇ ಸೋಲಾಪುರಕ್ಕೆ ಫೋನು ಹಚ್ಚಿ ಸೀನಿಯರ್‌ಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಒಂದಕ್ಕಿಂತ ಹೆಚ್ಚು ಕಿಟಕಿ ತೆರೀಬ್ಯಾಡ ಅಂತ ಆಕಿಗಿ ಹೇಳಿಬಿಡು. ಬಳಸೋರ ತಪ್ಪು ಅಂತ ಬರದುಕೊಡು. ಮುಗೀತು."

"ಸರ್, ಕನೆಕ್ಷನ್ ಹಿಡ್ಕೊಂಡು ಕೂಡೋದು ನಮ್ಮ ಸ್ಕ್ರೀನು. ಆಕಿ ಅಲ್ಲ."

ಅವರು ರಸ್ತೆಯ ಗದ್ದಲದಿಂದ ಈಚೆ ಸರಿದು ಹೇಳಿದರು.

"ಗೊತ್ತದ ನನಗ. ನಾನೇ ಬರದದ್ದು. ಅವರ ಜೊತಿ ನಮ್ಮ ಕರಾರು ಈ ತಿಂಗಳೇ ಹೊಸದು ಮಾಡ್ಬೇಕು, ಅದು ನಿನಗ ಗೊತ್ತದೇನು?"

ಗೊತ್ತಿದೆ ಎಂದೆ. ಹಾಗಿದ್ದರೆ ನಿನಗೆ ತಿಳಿದ ಹಾಗೆ ಮಾಡು, ಬರೆದದ್ದರ ಕೆಳಗೆ ನಿನ್ನ ಸಹಿ ಇರಲಿ ಎಂದು ಫೋನು ಇಟ್ಟರು. ಸಿಟ್ಟಿನಲ್ಲಿ ಹೇಳಿದರೋ ಒಪ್ಪಿ ಹೇಳಿದರೋ ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಕೆಳಗಿಳಿದು ಸ್ಟೇಶನ್ನಿನ ಮುಂದೆ ಒಂದು ಸುತ್ತು ಹಾಕಿ ಬಂದೆ. ಇನ್ನೊಂದು ಸುತ್ತು ಹಾಕಿದೆ. ಆಸ್ಪತ್ರೆಯ ಕರಾರು ಹೋದರೆ ಮೂವರ ಆಫೀಸಿನಲ್ಲಿ ಮೊದಲು ಹೋಗುವವಳು ನಾನೇ. ಆದರೆ ನನ್ನ ಕಣ್ಣ ಮುಂದೆ ಹತ್ತು, ಹನ್ನೊಂದು, ಹನ್ನೆರಡು ಎಂದು ಎಣಿಸಿದ್ದನ್ನು ಬೇರೆ ಥರ ಬರೆಯುವುದು ಹೇಗೆ ಎಂದು ತಿಳಿಯಲಿಲ್ಲ.

ಆಡಳಿತಾಧಿಕಾರಿಯ ಎದುರು ಮರುದಿನ ಬರೆದ ಪುಟ ಇಟ್ಟೆ. ಅವರು ಅದನ್ನು ಓದದೆ ಪಕ್ಕಕ್ಕೆ ಸರಿಸಿದರು.

"ಸಾಫ್ ಹೇಳ್ರಿ. ತಪ್ಪು ಯಾರ್ದು?"

"ಪ್ರೋಗ್ರಾಮ್ದು ರೀ. ನಮ್ದು."

ಬಾಡಿಗೆ ಸೈಕಲ್ಲಿನ ಅಂಗಡಿಯನ್ನೇ ಅವರಿಗೂ ಹೇಳಿದೆ. ಒಯ್ದ ಸೈಕಲ್ಲು ವಾಪಸು ಬಾರದೆ ಅಂಗಡಿ ಬರಿದಾಗುತ್ತಿದೆ ಎಂದೆ.

"ಮತ್ತ ಒಯ್ದಾಕಿದೇ ತಪ್ಪಾತಲ್ಲ?"

"ಆಕಿ ಸೈಕಲ್ ಕೇಳೇ ಇಲ್ಲ ರೀ. ಪಾಳಿ ನಂಬರ್ ಕೇಳ್ಯಾಳ. ನಂಬರ್ ಜೊತಿಗಿ ಸೈಕಲ್ ನಾವೇ ಕೈಯಾಗ ಕೊಟ್ಟು ಕಳ್ಸೀವಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಂತೆಗೆ ಹೋಗುವವರು ಸಂತೆ ಮುಗಿಸಿ ಬರಲಿ, ಬೆಳಿಗ್ಗೆಯೇ ಪಾಳಿ ಯಾಕೆ ಹಿಡಿಯಬೇಕು ಎಂದು ತಮ್ಮಷ್ಟಕ್ಕೆ ಗೊಣಗಿದರು. ನಾನು ಪಡಸಾಲೆಯ ಚಪ್ಪಲಿ ಸಾಲಿನ ಬಗ್ಗೆ ಹೇಳಿದೆ, ಕೈಬರಹದ ಚೀಟಿ ಇದ್ದಾಗಿನ ಜಗಳಗಳ ಬಗ್ಗೆ ಹೇಳಿದೆ. ಅದನ್ನು ಮಾತ್ರ ಅವರು ಗಮನವಿಟ್ಟು ಕೇಳಿದರು. ಆ ಜಗಳದ ದೂರುಗಳೂ ಅವರ ಫೈಲಿಗೇ ಬಂದಿದ್ದವೇನೋ.

"ಒಂದ್ ಸಂತಿ ಕೊಡ್ತೀನಿ. ಅವತ್ತು ಇಲ್ಲಿ ಕೌಂಟರ್ ನಿಂತ್ರ, ಆಕಿನೂ ಇಲ್ಲ, ನಿಮ್ಮ ಆಫೀಸೂ ಇಲ್ಲ."

ನಾನು ಮಾಡಬೇಕಾದ ಬದಲಾವಣೆ ಹೇಳಲು ಸುಲಭ. 'ಹೊಸ ರೋಗಿ' ಒತ್ತಿದಾಗ ಸಂಪರ್ಕ ತೆಗೆದುಕೊಳ್ಳಬೇಕು, ನಂಬರು ಕೊಟ್ಟು, ಆ ನಂಬರಿನ ಮುಂದೆ 'ಬರಬೇಕು' ಎಂದಷ್ಟೇ ಡೇಟಾಬೇಸಿನಲ್ಲಿ ಪಕ್ಕಾ ಬರೆದು, ತಕ್ಷಣ ಸಂಪರ್ಕ ವಾಪಸು ಕೊಡಬೇಕು. ರೋಗಿ ಸಂತೆ ಮುಗಿಸಿ ಬಂದು ಹೆಸರು ಹೇಳಿದಾಗ ಮತ್ತೆ ತೆಗೆದುಕೊಂಡು, ತುಂಬಿ, ಮತ್ತೆ ವಾಪಸು. ಡಾಕ್ಟರ ಸ್ಕ್ರೀನಿನಲ್ಲಿ 'ಬರಬೇಕು' ಎಂದಿರುವ ನಂಬರು ಬೂದು ಬಣ್ಣದಲ್ಲಿ ತನ್ನ ಜಾಗದಲ್ಲೇ ನಿಂತಿರಬೇಕು, ಚಪ್ಪಲಿಯಂತೆ. ಬರೆದು ಮುಗಿಸಿ ನನ್ನ ಯಂತ್ರದಲ್ಲಿ ಮೂವತ್ತು ಕಿಟಕಿ ತೆರೆದೆ. ಲೆಕ್ಕ ಒಂದಕ್ಕೇರಿ ಸೊನ್ನೆಗಿಳಿಯಿತು, ಒಂದಕ್ಕೇರಿ ಸೊನ್ನೆಗಿಳಿಯಿತು. ಕುಣಿಯಬೇಕು ಅನ್ನಿಸಿತು.

ಅದನ್ನು ಸರ್ವರಿಗೆ ಹಾಕಿ ಮರುದಿನ ಸಂಜೆ ನೋಡಿದರೆ ಲೆಕ್ಕ ಎರಡರಲ್ಲಿ ನಿಂತಿದೆ, ಇಳಿಯುತ್ತಿಲ್ಲ. ಕೌಂಟರುಗಳು ಮುಚ್ಚಿದ್ದವು, ಯಾರೂ ಯಂತ್ರ ಮುಟ್ಟುತ್ತಿರಲಿಲ್ಲ. ಸಂತೆಗೆ ಎರಡೇ ದಿನ ಉಳಿದಿತ್ತು. ಒಂದೊಂದು ಖಾನೆಯನ್ನೂ ತಪ್ಪುತಪ್ಪಾಗಿ ತುಂಬಿ ನೋಡುತ್ತ ಹೋದೆ. ವಯಸ್ಸಿನ ಜಾಗ ಖಾಲಿ ಬಿಟ್ಟು ಉಳಿಸಿದರೆ ಪ್ರೋಗ್ರಾಮು ತಪ್ಪು ಎಂದು ಹೇಳಿ ಅರ್ಧಕ್ಕೇ ಹಿಂತಿರುಗುತ್ತಿತ್ತು. ಸಂಪರ್ಕ ವಾಪಸು ಕೊಡುವ ಸಾಲು ಅದರ ಕೆಳಗೆ ಉಳಿದುಬಿಡುತ್ತಿತ್ತು. ಕಮಲಾಪುರದಲ್ಲಿ ಎಷ್ಟು ಮುದುಕಿಯರಿಗೆ ತಮ್ಮ ವಯಸ್ಸು ಗೊತ್ತಿರುತ್ತದೆ? ಏನೇ ತಪ್ಪಾದರೂ ಕೊನೆಗೆ ಆ ಸಾಲು ನಡೆದೇ ನಡೆಯಬೇಕು ಎಂಬಂತೆ ಅದನ್ನು ಪ್ರತಿ ಸ್ಕ್ರೀನಿನಲ್ಲೂ ತಿದ್ದಿದೆ.

ಸಂತೆಯ ದಿನ ನಾನು ಕಮಲಾಪುರಕ್ಕೆ ಹೋಗಲಿಲ್ಲ. ಸರ್ವರಿನ ಲೆಕ್ಕ ನೋಡುತ್ತ ಆಫೀಸಿನಲ್ಲೇ ಇರಬೇಕಿತ್ತು. ಬೆಳಿಗ್ಗೆಯಿಂದ ಗೆರೆ ಹಾಕುತ್ತ ಕೂತೆ. ಒಂದು, ಸೊನ್ನೆ, ಎರಡು, ಒಂದು, ಸೊನ್ನೆ. ಗಂಟೆ ಹನ್ನೊಂದಾಯಿತು. ಯಾವ ಕೌಂಟರಿನಿಂದಲೂ ಫೋನಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇಷ್ಟು ಕಡಿಮೆ ಲೆಕ್ಕ ಬರುತ್ತಿದೆ ಎಂದರೆ ಕಮಲಾಪುರದ ಲೈನೇ ಬಿದ್ದಿದೆಯೋ ಏನೋ. ಅಕ್ಕ ಬೇಸತ್ತು ಬಂದೇ ಇಲ್ಲವೋ ಏನೋ. ಫೋನು ಎತ್ತಿದೆ, ಅವರಿಗೆ ಗದ್ದಲದ ಹೊತ್ತು ಎಂದು ಇಟ್ಟೆ. ಮತ್ತೆ ಎತ್ತಿದೆ, ಇಟ್ಟೆ. ಕೆಳಗೆ ಸೈಕಲ್ ಅಂಗಡಿಯವನು ನನ್ನ ಓಡಾಟ ನೋಡಿ, ಮಾಳಿಗೆ ಸವೆದೀತು ಬಾಯಾರ ಎಂದು ಕೂಗಿದ.

ಮೂರು ಗಂಟೆಯ ಮೇಲೆ ಫೋನು ಬಂತು.

"ಏನ್ ಬಾಯಾರ, ನೀವು ಮಾಡ್ತೀರಂತ ನಾನು ಕಾದೀನಿ, ನಾನು ಮಾಡ್ತೀನಂತ ನೀವು ಕಾದೀರೇನು?"

ನಂಬರುಗಳೆಲ್ಲ ನಿಂತವೇ ಎಂದು ಕೇಳಿದೆ.

"ನಿಂತ್ವು. ಸಂತಿ ಹರಿದ ಮ್ಯಾಲ ಬಂದೋರ್ದೂ ನಿಂತಿತ್ತು. ಆಸ್ಪತ್ರಿ ಸಾಹೇಬ್ರು ಫೋನ್ ಮಾಡಿದ್ರು. ಒಂದನೇ ತಾರೀಖಿಗಿ ಬಾ ಅಂದ್ರು. ಮತ್ತೇನೂ ಮಾತಾಡ್ಲಿಲ್ಲ. ಯಾಕ, ಏನು ಕೇಳಬೇಕಂದ್ರ ಇಟ್ಟೇ ಬಿಟ್ರು."

ಒಂದನೇ ತಾರೀಖು ಎಂದರೆ ಹೊಸ ತಿಂಗಳು. ನೌಕರಿ ಉಳಿದಿದೆ ಎಂದೇ ಅರ್ಥ. ಆಮೇಲೆ ಮಹಾಗಾಂವದ ಮುದುಕಿಯ ಬಗ್ಗೆ ಕೇಳಿದೆ. ಬಿಪಿ ಇಳಿದಿದೆ, ಮುಂದಿನ ಸಂತೆಯ ದಿನ ಇಲ್ಲಿಂದ ಜೀಪಿನಲ್ಲಿ ನಗರಕ್ಕೆ ಕರೆದೊಯ್ದು ಆಪರೇಶನ್ ಮಾಡುತ್ತಾರೆ ಎಂದರು.

"ಮತ್ತ ಕೇಳ್ರಿ. ಆಯಿ ಕಾಲ್ಮರಿ ಇಲ್ಲೇ ಬಿಟ್ಟು ಹೋಗ್ಯಾಳ."

"ಮರತಳೇನು?"

"ಮರೀತಾಳೇನಾಕಿ? ಮುಂದಿನ ಸಂತಿಗಿ ಪಾಳಿ ಈಗಲೇ ಹಚ್ಚೀನಿ ಅಂದ್ಲು. ನಿನ್ನ ಕಂಪ್ಯೂಟರ್ ಖರೇ ಅದ, ಆದ್ರೂ ಇವು ಇರಲಿ ಅಂದ್ಲು."

ಬರಿಗಾಲಲ್ಲಿ ಹೋದಳೇ ಎಂದು ಕೇಳಿದೆ.

"ಇಲ್ರಿ. ಅದಕ್ಕಂತೇ ಮನಿಂದ ಹಳೇ ಜೋಡು ಒಂದು ಚೀಲದಾಗ ತಂದಿದ್ಲು."

ಫೋನು ಇಟ್ಟು ಸರ್ವರಿನ ಲೆಕ್ಕ ನೋಡಿದೆ. ಸೊನ್ನೆ ಇತ್ತು. ಆ ಚೌಕದಲ್ಲಿ ಗೆರೆ ಹಾಕದೆ ದಿನಚರಿ ಮುಚ್ಚಿ, ಬೆಳಗಿನಿಂದ ಮೊದಲ ಸಲ ಕೂತು ಚಹಾ ಕುಡಿದೆ.